ಮೂರನೇ ಬೆಂಚಿನ ಜೀವರತ್ನ ಅಯ್ಯನವರು

ಪಾಲನಾ ಸೇವೆಗೆ, ಅಂದರೆ ಪಾಸ್ಟರ ಕೆಲಸಕ್ಕೆ, ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಪ್ರಸಂಗ ಹೇಗೆ ಸಿದ್ಧ ಮಾಡಬೇಕು, ಕಮಿಟಿಯವರ ಜೊತೆ ಹೇಗೆ ಏಗಬೇಕು, ಸಾವಿನ ಮನೆಯಲ್ಲಿ ಏನು ಮಾತಾಡಬೇಕು ಎಂದು ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಆದರೆ ಅವರು ಕೇಳದ, ದೇವಶಾಸ್ತ್ರದ ಕಾಲೇಜಿನಲ್ಲಿ ನನಗೂ ಯಾರೂ ಹೇಳಿಕೊಡದ ಒಂದು ವಿಷಯವಿದೆ. ಅದು ಹೊಟ್ಟೆಕಿಚ್ಚು. ಜನರ ಪ್ರೀತಿ ಇನ್ನೊಬ್ಬರ ಕಡೆ ಹರಿಯುವುದನ್ನು ಪ್ರಸಂಗಪೀಠದ ಮೇಲೆ ನಿಂತು ವಾರವಾರವೂ ನೋಡಬೇಕಾದವನಿಗೆ ಬರುವ ಹೊಟ್ಟೆಕಿಚ್ಚು. ನನ್ನ ಸೇವೆಯ ಕೊನೆಯ ಸಭೆಯಲ್ಲಿ, ಎಂದರೆ ಕೊನೆಗೆ ಪಾಸ್ಟರಾಗಿದ್ದ ಆಲಯದಲ್ಲಿ, ನಾನು ಅದರ ಜೊತೆಗೇ ಮಲಗಿ ಅದರ ಜೊತೆಗೇ ಎದ್ದೆ. ಆ ಕಥೆಯನ್ನೇ ಬರೆಯುತ್ತಿದ್ದೇನೆ.

ನಮ್ಮ ಮೆಥೊಡಿಸ್ಟ್ ಪದ್ಧತಿಯಲ್ಲಿ ಪಾಸ್ಟರು ತನಗೆ ಬೇಕಾದ ಸಭೆಯನ್ನು ಆರಿಸಿಕೊಳ್ಳುವಂತಿಲ್ಲ. ವಾರ್ಷಿಕ ಸಮ್ಮೇಳನದ ಕೊನೆಯ ದಿನ ಬಿಷಪ್ಪರು ನೇಮಕಗಳನ್ನು ಓದುತ್ತಾರೆ. ಹೆಸರು ಎಲ್ಲಿಗೆ ಬಂತೋ ಅಲ್ಲಿಗೆ ಪೆಟ್ಟಿಗೆ ಕಟ್ಟಬೇಕು. ಕೋಲಾರ ಸೀಮೆಯ ಹಳ್ಳಿ ಸಭೆಗಳಲ್ಲೇ ಸೈಕಲ್ ತುಳಿದು ತಲೆ ಹಣ್ಣಾದ ನನ್ನನ್ನು ಕುಂದಲಹಳ್ಳಿ ಕಡೆಯ ಒಂದು ಸಣ್ಣ ಕನ್ನಡ ಸಭೆಗೆ ಹಾಕಿದರು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಾಗಿನ ಮಾತು. ಹೆಂಚಿನ ಮಾಡಿನ ಹಳೇ ಆಲಯ. ಸುತ್ತ ನಾಲ್ಕೂ ಕಡೆ ಗಾಜಿನ ಆಫೀಸುಗಳು ಎದ್ದಿದ್ದವು. ಬೆಳಗಿನ ಆರಾಧನೆಯ ಹೊತ್ತಿಗೆ ಎದುರಿನ ಕಟ್ಟಡದ ಬಿಸಿಲು ಪ್ರತಿಫಲಿಸಿ ನೇರ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಸಭೆಯವರಲ್ಲಿ ಅರ್ಧ ಜನ ತಲೆಮಾರುಗಳಿಂದ ಅಲ್ಲೇ ನೆಲೆಸಿದ ಹಳೇ ಮನೆತನದವರು, ಇನ್ನರ್ಧ ಬ್ರೂಕ್‌ಫೀಲ್ಡಿನ ಫ್ಲ್ಯಾಟುಗಳಿಂದ ಬರುವ ಸಾಫ್ಟ್‌ವೇರ್ ದಂಪತಿಗಳು.

ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದೆ. ಸಭೆಯಲ್ಲೇ ಎಲ್ಲರಿಗಿಂತ ಹಿರಿಯರಾದ ಎಲಿಜಮ್ಮ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಚೆನ್ನಾಗಿತ್ತು ಅಯ್ಯನೋರೆ. ಇದೇ ವಾಕ್ಯದ ಮೇಲೆ ನಮ್ಮ ಜೀವರತ್ನ ಅಯ್ಯನೋರು ಒಂದ್ಸಲ ಮಾತಾಡಿದ್ರು. ನೀವು ಕೇಳ್ಬೇಕಿತ್ತು.”

ಜೀವರತ್ನ ಅಯ್ಯನವರು ನನಗಿಂತ ಮುಂಚೆ ಆ ಸಭೆಯ ಪಾಸ್ಟರಾಗಿದ್ದವರು. ನಿವೃತ್ತರಾಗಿ ಊರು ಬಿಟ್ಟು ಹೋಗಿದ್ದರೆ ಎಲಿಜಮ್ಮನ ಮಾತನ್ನು ನಗುತ್ತ ಮರೆಯಬಹುದಿತ್ತು. ಅವರು ಹೋಗಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರಿಂದ ಬ್ರೂಕ್‌ಫೀಲ್ಡಿನಲ್ಲಿ ಮಗಳ ಮನೆಯಲ್ಲಿದ್ದರು, ಪ್ರತಿ ಭಾನುವಾರ ತಪ್ಪದೆ ಎಡಗಡೆಯ ಮೂರನೇ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ನೆಟ್ಟಗಿನ ಮೈ, ಬಿಳೀ ಜುಬ್ಬ, ಕಪ್ಪು ಚೌಕಟ್ಟಿನ ಕನ್ನಡಕ. ನನ್ನ ಪ್ರಸಂಗದ ನಡುವೆ ಅವರು ತಲೆಯಾಡಿಸಿದರೆ ಸಭೆಯೂ ತಲೆಯಾಡಿಸುತ್ತಿತ್ತು. ಅವರು ಕಣ್ಣು ಮುಚ್ಚಿದರೆ ನಿದ್ದೆಯೋ ಧ್ಯಾನವೋ ತಿಳಿಯದೆ ನಾನು ವಾಕ್ಯದ ಎಳೆ ಕಳೆದುಕೊಳ್ಳುತ್ತಿದ್ದೆ.

ಕೀರ್ತನೆಯ ವಿಷಯ ಇನ್ನೂ ಕಷ್ಟ. ನನಗೆ ಶಾರೀರವಿಲ್ಲ. ಹಳ್ಳಿಗಳಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಇಲ್ಲಿ ನಾನು ಶ್ರುತಿ ಮೇಲೆ ಹಿಡಿದು ಶುರು ಮಾಡಿದರೆ, ಎರಡನೇ ಸಾಲಿಗೆ ಮೂರನೇ ಬೆಂಚಿನಿಂದ ತುಂಬು ದನಿಯೊಂದು ಮೆಲ್ಲಗೆ ಏಳುತ್ತಿತ್ತು. ಯಾರಿಗೂ ಗೊತ್ತಾಗದ ಹಾಗೆ ಅವರು ಹಾಡನ್ನು ಸರಿಯಾದ ಶ್ರುತಿಗೆ ಇಳಿಸುತ್ತಿದ್ದರು, ಇಡೀ ಸಭೆ ಅವರ ಹಿಂದೆ ಇಳಿಯುತ್ತಿತ್ತು. ನಾನೊಬ್ಬನೇ ಮೇಲೆ ಉಳಿಯುತ್ತಿದ್ದೆ.

ಮನೆಗೆ ಬಂದು ಹೆಂಡತಿ ವಿಮಲಾಳಿಗೆ ಹೇಳಿದೆ.

“ಅವರು ಸಹಾಯ ಮಾಡ್ತಿದ್ದಾರೆ” ಎಂದಳು.

“ನಾನು ಕೇಳಿದ್ನಾ?”

“ಕೇಳೋ ಹಾಗೆ ಹಾಡ್ತೀರಲ್ಲ” ಎಂದು ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಆ ವರ್ಷದ ನನ್ನ ದೊಡ್ಡ ಎಡವಟ್ಟು ಒಂದು ದೀಕ್ಷಾಸ್ನಾನದ್ದು. ಫ್ಲ್ಯಾಟಿನ ದಂಪತಿಯೊಂದು ಮಗುವನ್ನು ತಂದಿತ್ತು. ಅವರು ಮೊದಲು ಕೇಳಿದ್ದು ಜೀವರತ್ನ ಅಯ್ಯನವರನ್ನು. “ಸಭೆಗೆ ಪಾಸ್ಟರು ಇದ್ದಾರಲ್ಲ” ಎಂದು ಅವರೇ ನನ್ನ ಹತ್ತಿರ ಕಳಿಸಿದ್ದರು. ಅದು ಗೊತ್ತಿದ್ದದ್ದರಿಂದ ನನ್ನ ಗಮನವೆಲ್ಲ ಮೂರನೇ ಬೆಂಚಿನ ಕಡೆಗಿತ್ತು. ಮಗುವಿಗೆ ಅವರು ಆರಿಸಿದ್ದ ಹೆಸರು ಆರ್ಯನ್. ನಾನು ತಲೆಯ ಮೇಲೆ ನೀರು ಹಾಕುತ್ತ “ಆರೋನನೇ” ಎಂದು ಕರೆದುಬಿಟ್ಟೆ. ತಂದೆಯ ಮುಖ ಕಪ್ಪಿಟ್ಟಿತು. ತಾಯಿ “ಆರ್ಯನ್ ಸಾರ್, ಆರ್ಯನ್” ಎಂದು ಪಿಸುಗುಟ್ಟಿದಳು. ತ್ರಿಯೇಕ ದೇವರ ಹೆಸರಲ್ಲಿ ನೀರು ಆಗಲೇ ಬಿದ್ದಾಗಿತ್ತು. ಸಭೆಯಲ್ಲಿ ಗುಸುಗುಸು ಎದ್ದಾಗ ಮೂರನೇ ಬೆಂಚಿನಿಂದ ಜೀವರತ್ನ ಅಯ್ಯನವರು ಎದ್ದು ನಿಂತರು.

“ಆರೋನ್ ಅಂದ್ರೆ ಮೊದಲ ಮಹಾಯಾಜಕ. ಎಷ್ಟು ಒಳ್ಳೇ ಹೆಸರು. ಮನೇಲಿ ಆರ್ಯನ್ ಅನ್ನಿ, ಆಲಯದಲ್ಲಿ ಆರೋನ್ ಅನ್ನೋಣ. ಮಗು ಪುಣ್ಯವಂತ, ಎರಡೆರಡು ಹೆಸರು ಸಿಕ್ತು.”

ಎಲ್ಲರೂ ನಕ್ಕರು. ಮಗುವಿನ ಅಜ್ಜಿ ಕಣ್ಣೊರೆಸಿಕೊಂಡು, ತನಗೆ ಮೊದಲಿನಿಂದಲೂ ಬೈಬಲಿನ ಹೆಸರೇ ಬೇಕಿತ್ತು ಎಂದಳು. ನನ್ನ ತಪ್ಪನ್ನು ಮುಚ್ಚಿದವರ ಮೇಲೆ ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ.

ಅದಾದ ಮೇಲೆ ಮದುವೆ. ಸಭೆಯ ಲೇ ಲೀಡರ್ ಪ್ರಸನ್ನಕುಮಾರ್, ಅಂದರೆ ಸಭೆಯವರ ಪರವಾಗಿ ಪಾಸ್ಟರ ಜೊತೆ ನಿಲ್ಲುವ ಹಿರಿಯ, ಒಂದು ಸಂಜೆ ಹಣ್ಣಿನ ಕವರ್ ಹಿಡಿದು ಬಂದರು. ಕವರ್ ನೋಡಿದಾಗಲೇ ನನಗೆ ಅನುಮಾನ.

“ಅಯ್ಯನೋರೆ, ತಪ್ಪು ತಿಳ್ಕೋಬೇಡಿ. ಮಗಳ ಮದುವೆ. ಅವಳಿಗೆ ದೀಕ್ಷಾಸ್ನಾನ ಕೊಟ್ಟೋರು ಜೀವರತ್ನ ಅಯ್ಯನೋರು, ದೊಡ್ಡವಳಾಗಿ ಸಭೆಗೆ ಸೇರುವಾಗ ದೃಢೀಕರಣದ ಪಾಠ ಹೇಳಿದ್ದೂ ಅವರೇ. ಮದುವೆನೂ ಅವರೇ ಮಾಡ್ಲಿ ಅಂತ ಅವಳ ಆಸೆ. ನೀವು ವಾಕ್ಯ ಓದ್ಬಿಡಿ.”

ನನ್ನ ಆಲಯದಲ್ಲಿ, ನನ್ನ ಸಭೆಯ ಮದುವೆಯಲ್ಲಿ ನಾನು ವಾಕ್ಯ ಓದಿ ಪಕ್ಕಕ್ಕೆ ಸರಿದು ನಿಂತೆ. ಜೀವರತ್ನ ಅಯ್ಯನವರು ವಧೂವರರ ಕೈ ಸೇರಿಸಿ, ಹುಡುಗಿ ಚಿಕ್ಕವಳಿದ್ದಾಗ ಕ್ರಿಸ್ಮಸ್ ನಾಟಕದಲ್ಲಿ ಕುರಿಯಾಗಿ ವೇದಿಕೆ ಮೇಲೆ ನಿದ್ದೆ ಹೋದದ್ದನ್ನು ಹೇಳಿದರು. ಹುಡುಗಿ ಅತ್ತಳು, ನಕ್ಕಳು. ಫೋಟೋ ತೆಗೆಯುವವನು ನನಗೆ, “ಸಾರ್, ನೀವು ಸ್ವಲ್ಪ ಆ ಕಡೆ” ಎಂದ.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಜಿಲ್ಲಾ ಮೇಲ್ವಿಚಾರಕರ ಹತ್ತಿರ ಹೋದೆ. ಎಲ್ಲರೂ ಅವರನ್ನು ಡಿ.ಎಸ್. ಎಂದೇ ಕರೆಯುವುದು. ಮಾತು ಕಡಿಮೆ, ಬುದ್ಧಿ ಜಾಸ್ತಿ ಇದ್ದ ಮನುಷ್ಯ. ನಿವೃತ್ತರಾದ ಪಾಸ್ಟರು ಹಳೇ ಸಭೆಯಲ್ಲಿ ಕೈ ಹಾಕಬಾರದೆಂಬ ಶಿಸ್ತು ಇದೆಯಲ್ಲ, ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

“ಹೇಳ್ತೀನಿ” ಎಂದರು ಡಿ.ಎಸ್. “ನಾನು ಹೇಳಿದ್ರೆ ಅವರು ಆಲಯಕ್ಕೆ ಬರೋದನ್ನ ಬಿಡ್ತಾರೆ. ಜನ ಅವರ ಮನೆಗೆ ಹೋಗೋದನ್ನ ಬಿಡಲ್ಲ. ಆಮೇಲೆ ಅವರನ್ನ ಓಡಿಸಿದೋರು ನೀವು ಅಂತ ಆಗುತ್ತೆ. ಹೇಳ್ಲಾ?”

ಬೇಡ ಎಂದು ಎದ್ದು ಬಂದೆ.

ಬರುವ ದಾರಿಯಲ್ಲೇ ನನಗೆ ನನ್ನದೇ ಒಂದು ಜಾಗ ಸಿಕ್ಕಿದ್ದು. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿತ್ತು. ಕಟ್ಟುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡುಗಳ ಕಡೆಯಿಂದ ಡೋಲಕ್ಕು, ತಾಳ ಕೇಳಿಸಿತು. ಕಿವಿಗೊಟ್ಟರೆ ಯೇಸುವಿನ ಹೆಸರು. ಇಳಿದು ಹುಡುಕಿಕೊಂಡು ಹೋದೆ. ಬೀದರ್, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹದಿನೈದಿಪ್ಪತ್ತು ಸಂಸಾರಗಳು. ಬಹಳ ಜನ ಊರಲ್ಲಿ ಮೆಥೊಡಿಸ್ಟ್ ಸಭೆಯವರೇ. ಭಾನುವಾರ ಸಂಜೆ ಸಿಮೆಂಟ್ ಚೀಲ ಹಾಸಿ ಭಜನೆಯ ಧಾಟಿಯಲ್ಲಿ ತಾವೇ ಹಾಡಿಕೊಳ್ಳುತ್ತಿದ್ದರು. ಅವರಲ್ಲಿ ಮುಂದಾಳು ಮಾಣಿಕಪ್ಪ ಎಂಬ ಗಾರೆ ಕೆಲಸದವನು, ಅವನ ಹೆಂಡತಿ ಸುವಾರ್ತಮ್ಮ. ನಾನು ಪಾಸ್ಟರು ಎಂದು ತಿಳಿದೊಡನೆ ಸುವಾರ್ತಮ್ಮ ಸೆರಗು ತಲೆ ಮೇಲೆಳೆದುಕೊಂಡಳು.

“ಇಲ್ಲಿ ನಮ್ಮ ಕಡಿ ಯಾರೂ ಬಂದಿಲ್ಲರಿ ಅಯ್ಯೋರೆ. ನೀವೇ ಮೊದಲು ಬಂದೀರಿ.”

ನೀವೇ ಮೊದಲು. ಆ ಮಾತು ಕಿವಿಗೆ ಬಿದ್ದಾಗ ಆದ ಸಂತೋಷವನ್ನು ಹೇಗೆ ಹೇಳಲಿ. ಅಂದಿನಿಂದ ಪ್ರತಿ ಭಾನುವಾರ ಸಂಜೆ ಅಲ್ಲಿಗೆ ಹೋದೆ. ಅಲ್ಲಿ ಶ್ರುತಿಯ ಚಿಂತೆ ಇರಲಿಲ್ಲ. ಡೋಲಕ್ಕಿನ ಸದ್ದಿನಲ್ಲಿ ನನ್ನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಜೀವರತ್ನ ಎಂಬ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಬೆಳಗಿನ ಆರಾಧನೆಯಲ್ಲಿ ಗೋಡೆ ಮೇಲೆ ಪ್ರೊಜೆಕ್ಟರಿನಿಂದ ಹಾಡಿನ ಸಾಲು ಬಿಡುವ ಹೊಸ ಪದ್ಧತಿ ಬಂದಿತ್ತು. ಹಾಡಿನ ಪುಸ್ತಕ ತೆರೆಯುವವರೇ ಕಡಿಮೆಯಾಗುತ್ತಿದ್ದರು. ಇಲ್ಲಿ ಪುಸ್ತಕವೂ ಇಲ್ಲ, ಗೋಡೆಯೂ ಇಲ್ಲ. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು. ನಾನು ಈ ಜನರ ವಿಷಯವನ್ನು ಕಮಿಟಿಯಲ್ಲಿ ಹೇಳಿದೆ, ಡಿ.ಎಸ್.ಗೆ ಹೇಳಿದೆ. ಜೀವರತ್ನ ಅಯ್ಯನವರಿಗೆ ಮಾತ್ರ ಹೇಳಲಿಲ್ಲ.

ಮುಂದಿನ ಸುಗ್ಗಿ ಹಬ್ಬಕ್ಕೆ ಅವರನ್ನೆಲ್ಲ ಕರೆಯಲೇಬೇಕೆಂದು ಪ್ರಸನ್ನಕುಮಾರ್ ಪಟ್ಟು ಹಿಡಿದರು. ಸುಗ್ಗಿ ಹಬ್ಬವೆಂದರೆ ಮನೆಮನೆಯಿಂದ ಮೊದಲ ಫಲವನ್ನು ತಂದು ದೇವರ ಮುಂದಿಟ್ಟು, ಆಮೇಲೆ ಅಂಗಳದಲ್ಲಿ ಹರಾಜು ಹಾಕಿ, ಒಟ್ಟಿಗೆ ಉಣ್ಣುವ ದಿನ. ಫ್ಲ್ಯಾಟಿನವರು ಕೇಕು ತಂದಿದ್ದರು, ಹಳೇ ಮನೆತನದವರು ಕುಂಬಳಕಾಯಿ, ನಾಟಿಕೋಳಿ. ಬೀದರಿನವರು ಒಂದೇ ಗುಂಪಾಗಿ, ತೊಳೆದ ಬಟ್ಟೆ ಉಟ್ಟು, ಜೋಳದ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹೊತ್ತು ಬಂದರು. ಕಾಣಿಕೆ ಇಡಲು ಮುಂದೆ ಬಂದ ಸುವಾರ್ತಮ್ಮ ಮೂರನೇ ಬೆಂಚಿನ ಹತ್ತಿರ ನಿಂತುಬಿಟ್ಟಳು. ಹಿಂದಿನವರು ತಳ್ಳಿದರೂ ಕದಲಲಿಲ್ಲ.

“ಅಯ್ಯೋರೆ, ನಾ ಸುವಾರ್ತಾ ರೀ. ಭಾಲ್ಕಿ ಕಡಿ ಯಶ್ವಂತಪ್ಪನ ಮಗಳು. ನನಗ ಈ ಹೆಸರು ಇಟ್ಟೋರು ನೀವೇ ಅಲ್ಲೇನ್ರಿ?”

ಜೀವರತ್ನ ಅಯ್ಯನವರು ಯೌವನದಲ್ಲಿ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಸೇವೆ ಮಾಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅವರು ಕನ್ನಡಕ ಸರಿಪಡಿಸಿಕೊಂಡು ಅವಳ ಮುಖ ನೋಡಿದರು. ಆಮೇಲೆ ಬಾಯಿಂದ ಬಂದದ್ದು ಬೆಂಗಳೂರಿನ ಮಾತಲ್ಲ.

“ಯಶ್ವಂತಪ್ಪನ ಮಗಳೇನವ್ವಾ? ನಿಮ್ಮವ್ವ ಹ್ಯಾಂಗ ಅದಾಳ?”

“ಅವ್ವ ಹೋದಳ್ರಿ.”

ಅವರು ಅವಳ ತಲೆ ಮೇಲೆ ಕೈಯಿಟ್ಟರು. ಅವಳು ಅವರ ಕಾಲ ಹತ್ತಿರ ಕುಸಿದು ಕೂತು ಅತ್ತಳು. ಹಿಂದಿದ್ದ ಬೀದರಿನವರೆಲ್ಲ “ನಮ್ಮ ಅಯ್ಯೋರು, ನಮ್ಮ ಅಯ್ಯೋರು” ಎನ್ನುತ್ತ ಅವರನ್ನು ಸುತ್ತುಗಟ್ಟಿದರು. ಕಾಣಿಕೆ ತಟ್ಟೆ ಹಿಡಿದು ವೇದಿಯ ಮುಂದೆ ನಿಂತಿದ್ದ ನನ್ನ ಹತ್ತಿರ ಬಹಳ ಹೊತ್ತು ಯಾರೂ ಬರಲಿಲ್ಲ. ಊಟದ ಹೊತ್ತಿನಲ್ಲೂ ರೊಟ್ಟಿ ಬಿಚ್ಚಿದ್ದು ಅವರ ಎಲೆಯ ಮುಂದೆಯೇ. ಆ ದಿನ ನನಗೆ ಊಟ ಸೇರಲಿಲ್ಲ. ವಿಮಲಾ ಕಾರಣ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ಭಾನುವಾರ ಸಂಜೆ ಶೆಡ್ಡಿಗೆ ಹೋದರೆ ಜೀವರತ್ನ ಅಯ್ಯನವರು ನನಗಿಂತ ಮುಂಚೆ ಅಲ್ಲಿರುತ್ತಿದ್ದರು. ಪ್ರಸಂಗ ನಾನೇ ಮಾಡಬೇಕು ಎನ್ನುತ್ತಿದ್ದರು, ತಾವು ಮೂಲೆಯಲ್ಲಿ ಚೀಲದ ಮೇಲೆ ಕೂರುತ್ತಿದ್ದರು. ಆದರೆ ನಾನು ಮಾತಾಡುವಾಗ ಜನ ಅವರ ಮುಖ ನೋಡುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ನಾನು ಬಸ್ಸಿಗೆ ಓಡುತ್ತಿದ್ದೆ, ಅವರು ಉಳಿಯುತ್ತಿದ್ದರು. ಒಂದು ದಿನ ತಡೆಯಲಾರದೆ ಸುವಾರ್ತಮ್ಮನನ್ನು ಕೇಳಿಯೇಬಿಟ್ಟೆ.

“ನಾನೂ ವಾರವಾರ ಬರ್ತೀನಲ್ಲಮ್ಮ. ಅವರನ್ನ ಕಂಡಷ್ಟು ಖುಷಿ ನನ್ನ ಕಂಡ್ರೆ ಯಾಕಿಲ್ಲ?”

ಅವಳಿಗೆ ಮುಜುಗರವಾಯಿತು. ಆದರೂ ಹೇಳಿದಳು. “ಸಿಟ್ಟಾಗಬ್ಯಾಡ್ರಿ ಅಯ್ಯೋರೆ. ನೀವು ಬರ್ತೀರಿ, ಪ್ರಾರ್ಥನಾ ಮಾಡ್ತೀರಿ, ಗಡಿಯಾರ ನೋಡ್ತೀರಿ, ಹೋಗ್ತೀರಿ. ನಮ್ಮಲ್ಲಿ ಒಂದು ದಿನ ಒಂದು ತುತ್ತು ಉಂಡಿಲ್ಲ. ನಮ್ಮ ಮಂದಿ ಏನಂತ ತಿಳೀಬೇಕು?”

ನನಗೆ ಸಕ್ಕರೆ ಕಾಯಿಲೆ. ಹೊರಗೆ ತಿನ್ನಲು ಹೆದರಿಕೆ. ಜೊತೆಗೆ ದುಡಿದು ತಿನ್ನುವವರಿಗೆ ಹೊರೆಯಾಗಬಾರದೆಂಬ ಎಣಿಕೆ. ಇದನ್ನು ವಿವರಿಸುವುದಕ್ಕಿಂತ ಕೂತು ಉಣ್ಣುವುದು ಸುಲಭವೆನ್ನಿಸಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಕೊಟ್ಟರು. ಸಕ್ಕರೆ ಕಾಯಿಲೆಯವನಿಗೆ ಅದಕ್ಕಿಂತ ಒಳ್ಳೆಯ ಊಟ ಇರಲಿಲ್ಲ. ಚೆನ್ನಾಗಿದೆ ಎಂದೆ. “ಜೀವರತ್ನ ಅಯ್ಯೋರೂ ಹಿಂಗೇ ಎರಡು ರೊಟ್ಟಿ ಉಂತಾರ್ರಿ” ಎಂದ ಮಾಣಿಕಪ್ಪ, ನನ್ನನ್ನು ಸಂತೋಷಪಡಿಸಲೆಂದೇ.

ಆ ವಾರದಲ್ಲೇ ಒಂದು ಬೆಳಿಗ್ಗೆ ಬ್ರೂಕ್‌ಫೀಲ್ಡಿಗೆ ಹೋದೆ. ಹಳ್ಳಿಯಲ್ಲಿ ಮನೆ ಭೇಟಿಯೆಂದರೆ ಅಂಗಳದಲ್ಲಿ ನಿಂತು ಕೆಮ್ಮಿದರೆ ಸಾಕಿತ್ತು. ಇಲ್ಲಿ ಗೇಟಿನ ಸೆಕ್ಯುರಿಟಿಯವನು, “ಯಾವ ಫ್ಲ್ಯಾಟ್ ಸಾರ್, ಯಾರನ್ನ ನೋಡ್ಬೇಕು, ಏನ್ ಕೆಲಸ?” ಎಂದು ಕೇಳಿ ಫೋನ್ ಮಾಡಿ, ಒಪ್ಪಿಗೆ ಬಂದ ಮೇಲೇ ಬಿಡುವುದು. ಏನು ಕೆಲಸ ಎಂದದ್ದಕ್ಕೆ ಪರಿಚಯದವರು ಎಂದೆ.

ಅವರ ಕೋಣೆ ಚಿಕ್ಕದು. ಮಂಚ, ಮೇಜು, ಹೆಂಡತಿಯ ಫೋಟೋ. ಕೂತವನೇ ಹೇಳಿಬಿಟ್ಟೆ, ಸುತ್ತು ಹಾಕಿದರೆ ಹೇಳಲಾರೆನೆಂದು ಗೊತ್ತಿತ್ತು.

“ಅಯ್ಯನವರೇ, ಕೋಪ ಮಾಡ್ಕೋಬಾರದು. ನೀವು ಶೆಡ್ಡಿನ ಕಡೆ ಬರೋದು ಬೇಡ. ನಾನು ಮಾತಾಡುವಾಗ ಅವರು ನಿಮ್ಮ ಮುಖ ನೋಡ್ತಾರೆ. ಹೀಗಾದ್ರೆ ನಾನು ಅಲ್ಲಿ ಯಾರು?”

ಅವರು ಕನ್ನಡಕ ತೆಗೆದು ಜುಬ್ಬದ ತುದಿಯಿಂದ ಒರೆಸಿದರು.

“ನೋಡಿ ಕರುಣಾಕರ್, ನಾನು ಬೀದರ್ ಕಡೆ ಹೋದಾಗ ಅಲ್ಲೂ ಒಬ್ಬರು ಹಳೇ ಪಾಸ್ಟರು ಇದ್ರು. ಮದುವೆ ಅಂದ್ರೂ ಅವರೇ ಬೇಕು, ಮಣ್ಣು ಅಂದ್ರೂ ಅವರೇ ಬೇಕು. ಅಲ್ಲಿದ್ದಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಅವರ ಹತ್ರ ಹೋಗಿ ಹೇಳೋ ಧೈರ್ಯ ನಂಗೆ ಬರ್ಲಿಲ್ಲ. ಅವರು ತೀರಿಕೊಂಡಾಗ ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ. ಅದು ಈಗ್ಲೂ ಚುಚ್ಚುತ್ತೆ.”

ಆಮೇಲೆ ಕನ್ನಡಕ ಹಾಕಿಕೊಂಡರು.

“ನೀವು ಬಂದು ಹೇಳಿದ್ರಿ. ಒಳ್ಳೇದಾಯ್ತು. ಇನ್ನು ಬರಲ್ಲ. ಆ ಜನ ನಿಮ್ಮೋರು.”

ಮಗಳು ಕಾಫಿ ಮಾಡಲು ಒಳಗೆ ಹೋದಾಗ ಕೂಗಿ ಹೇಳಿದರು, “ಕರುಣಾಕರ್‌ಗೆ ಸಕ್ಕರೆ ಹಾಕ್ಬೇಡಮ್ಮ.” ನನ್ನ ಕಾಯಿಲೆಯ ವಿಷಯ ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಅವರು ಮಾತು ಉಳಿಸಿಕೊಂಡರು. ಮುಂದಿನ ಭಾನುವಾರ ಮಾಣಿಕಪ್ಪ, “ಅಯ್ಯೋರಿಗಿ ಮಂಡಿ ನೋವಂತ್ರಿ, ಇನ್ನ ಬರೂದಿಲ್ಲಂತ ಫೋನ್ ಮಾಡಿದ್ರು” ಎಂದ. ಮಂಡಿ ನೋವು ಇರಲೇ ಇಲ್ಲ. ಆದರೆ ಅದರ ಮರುವಾರ ಬೆಳಗಿನ ಆರಾಧನೆಗೆ ಅವರು ಕೋಲು ಹಿಡಿದು ಬಂದರು. ಎಲಿಜಮ್ಮ ಎಣ್ಣೆ ಕಾಯಿಸಿ ಕಳಿಸಿದರು, ಪ್ರಸನ್ನಕುಮಾರ್ ಡಾಕ್ಟರ ಹೆಸರು ಹೇಳಿದರು. ಅವರು ಎಲ್ಲದಕ್ಕೂ ತಲೆಯಾಡಿಸಿ, ಮೆಟ್ಟಿಲು ಇಳಿಯುವಾಗ ಒಂದು ಕಾಲು ಎಳೆಯುತ್ತಿದ್ದರು. ನನ್ನ ಮಾನ ಉಳಿಸಲು ಆ ಮನುಷ್ಯ ಕುಂಟುತ್ತಿದ್ದರು. ಒಳ್ಳೆಯತನದಲ್ಲೂ ನನಗೆ ಒಂದು ಹೆಜ್ಜೆ ಜಾಗ ಬಿಡಲಿಲ್ಲವಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಹೋಗಿ ಹೇಳಿದ್ದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಒಂದು ಸಭೆಗೆ ಇಬ್ಬರು ಪಾಸ್ಟರು ಇರಲಾಗುವುದಿಲ್ಲ. ಆದರೆ ಆ ಕೋಲಿನ ಟಕ್ ಟಕ್ ಸದ್ದು ಕೇಳಿದಾಗೆಲ್ಲ ಪ್ರಸಂಗದಲ್ಲಿ ನನ್ನ ನಾಲಿಗೆ ತಡವರಿಸುತ್ತಿತ್ತು.

ಅಪಾರ್ಟ್‌ಮೆಂಟಿನ ಕೆಲಸ ಮುಗಿಯಿತು. ಶೆಡ್ಡು ಕಿತ್ತರು. ಮಾಣಿಕಪ್ಪನ ಗುಂಪಿಗೆ ಬೇಗೂರಿನ ಕಡೆ ಹೊಸ ಕೆಲಸ ಸಿಕ್ಕಿತು. ಈ ಸಲ ಶೆಡ್ಡಿನ ಬದಲು ಬಾಡಿಗೆ ಕೋಣೆಗಳಲ್ಲಿ ಇಳಿದುಕೊಂಡರು. ನಾನು ಬರುತ್ತೇನೆಂದು ಮಾತು ಕೊಟ್ಟೆ. ಬೆಳಿಗ್ಗೆ ಕುಂದಲಹಳ್ಳಿಯ ಆರಾಧನೆ ಮುಗಿಸಿ, ಮಧ್ಯಾಹ್ನ ಊಟದ ಡಬ್ಬಿ ಹಿಡಿದು, ಮಾರತ್‌ಹಳ್ಳಿಯಲ್ಲೊಂದು ಬಸ್ಸು, ಸಿಲ್ಕ್ ಬೋರ್ಡಿನಲ್ಲೊಂದು ಬಸ್ಸು ಹತ್ತಿ ಬೇಗೂರು ಮುಟ್ಟುವಷ್ಟರಲ್ಲಿ ಜುಬ್ಬ ಬೆನ್ನಿಗೆ ಅಂಟಿರುತ್ತಿತ್ತು. ಜಾಗಕ್ಕಾಗಿ ಊರಿನ ಹಳೇ ಮನೆತನದ ಮುನಿರಾಜಪ್ಪನವರನ್ನು ಕೇಳಿದೆವು. ಕೆರೆಯ ಕಡೆ ಅವರದೊಂದು ಹಳೇ ಕೊಟ್ಟಿಗೆ ಖಾಲಿ ಇತ್ತು.

“ದನ ಕಟ್ತಿದ್ ಜಾಗ ಸ್ವಾಮಿ. ನಿಮ್ಮ ಪೂಜೆಗೆ ಅಂಗೆಲ್ಲ ಆಯ್ತದಾ?”

“ನಮ್ಮ ಸ್ವಾಮಿ ಹುಟ್ಟಿದ್ದೇ ಅಂಥ ಜಾಗದಲ್ಲಿ” ಎಂದೆ.

“ಇಂಗೋ ವಿಸ್ಯ. ಅಂಗಾದ್ರೆ ಆಗ್ಲಿ ಬುಡಿ” ಎಂದು ಬೀಗದ ಕೈ ಕೊಟ್ಟರು.

ಸೆಗಣಿ ಕೆರೆದು ನೆಲ ಸಾರಿಸಿದ ಮೊದಲ ದಿನ ಸುವಾರ್ತಮ್ಮ ನನ್ನ ಹಿಂದಿನ ರಸ್ತೆಯನ್ನೇ ನೋಡುತ್ತಿದ್ದಳು. “ಅಯ್ಯೋರು ಬರ್ಲಿಲ್ಲೇನ್ರಿ?” ಎಂದಳು. ಎರಡು ಬಸ್ಸು ಹತ್ತಿ ಬಂದ ಅಯ್ಯೋರು ಅವಳ ಎದುರೇ ನಿಂತಿದ್ದೆ.

ಒಂದು ವರ್ಷ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ, ಹಬ್ಬದ ಹಾಡಿನ ಅಭ್ಯಾಸ ನಡೆಯುತ್ತಿದ್ದಾಗ, ಜೀವರತ್ನ ಅಯ್ಯನವರು ತೀರಿಕೊಂಡರು. ಬೆಳಗಿನ ಕಾಫಿಗೆ ಮಗಳು ಕರೆದಾಗ ಏಳಲಿಲ್ಲ. ಆಲಯ ತುಂಬಿ ಜನ ರಸ್ತೆಯವರೆಗೆ ನಿಂತರು. ಬೇಗೂರಿನವರು ಒಂದು ದಿನದ ಕೂಲಿ ಬಿಟ್ಟು ಟೆಂಪೋ ಮಾಡಿಕೊಂಡು ಬಂದಿದ್ದರು. ಪ್ರಸಂಗ ನನ್ನದೇ. ಸಿದ್ಧ ಮಾಡಿಕೊಂಡದ್ದನ್ನು ಬಿಟ್ಟು, ಆ ಮನುಷ್ಯ ಯಾರ ಯಾರ ತಪ್ಪುಗಳನ್ನು ಹೇಗೆ ಹೇಗೆ ಮುಚ್ಚಿದರು ಎಂಬುದನ್ನು ಹೇಳಿದೆ. ಆರೋನನ ಕಥೆ ಹೇಳಿದೆ. ಕೋಲಿನ ಕಥೆ ಹೇಳಲಿಲ್ಲ. ಮಾತಿನ ನಡುವೆ ಅತ್ತೆ. ಬೀದರಿನ ಹಳೇ ಪಾಸ್ಟರು ಸತ್ತಾಗ ತಮಗೆ ಒಂದು ಹನಿಯೂ ಬರಲಿಲ್ಲವೆಂಬ ಅವರ ಮಾತು ನೆನಪಿತ್ತು. ಅಳು ಬಂತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಇಡೀ ಸೇವೆಯಲ್ಲಿ ಅಷ್ಟು ಚೆನ್ನಾಗಿ ನಾನು ಮಾತಾಡಿರಲಿಲ್ಲ. ಮಣ್ಣು ಮುಗಿಸಿ ಬರುವಾಗ ಎಲಿಜಮ್ಮ ನನ್ನ ತೋಳು ಹಿಡಿದುಕೊಂಡರು.

“ಇವತ್ತು ನೀವು ಥೇಟ್ ಅವರ ಹಾಗೇ ಮಾತಾಡಿದ್ರಿ ಅಯ್ಯನೋರೆ.”

ಬದುಕಿದ್ದವರ ಜೊತೆಯಾದರೂ ಪೈಪೋಟಿ ಮಾಡಬಹುದಿತ್ತು.

ಅದಾದ ಮೇಲೆ ಬೇಗೂರಿನ ಕೆಲಸಕ್ಕೆ ನಾನು ಮೈ ಕೊಟ್ಟೆ. ಮುನಿರಾಜಪ್ಪನವರು ಕೊಟ್ಟಿಗೆಯ ಜಾಗವನ್ನು ಪೂರಾ ನಮಗೇ ಬಿಟ್ಟುಕೊಟ್ಟರು. ಮಾಣಿಕಪ್ಪನ ಗುಂಪು ಹಗಲು ಬೇರೆಯವರ ಕಟ್ಟಡ ಕಟ್ಟಿ, ಬಿಡುವಿನ ಸಂಜೆಗಳಲ್ಲಿ ತಮ್ಮ ಮಂದಿರದ ಗೋಡೆ ಎಬ್ಬಿಸಿತು. ಅನುಮತಿಗೆ ಡಿ.ಎಸ್. ಬೆನ್ನು ಬಿದ್ದವನು ನಾನು. ಕಿಟಕಿಗೆ, ಶೀಟಿಗೆ, ಫ್ಯಾನಿಗೆ ಫ್ಲ್ಯಾಟು ಫ್ಲ್ಯಾಟು ಸುತ್ತಿ ಸೆಕ್ಯುರಿಟಿಯವರಿಗೆಲ್ಲ ಪರಿಚಿತನಾದವನು ನಾನು. ಮಂದಿರವನ್ನು ದೇವರಿಗೆ ಅರ್ಪಿಸುವ ದಿನ ಗೊತ್ತಾಯಿತು. ಹಿಂದಿನ ವಾರ ಹೋದಾಗ ಮಾಣಿಕಪ್ಪ ಬೋರ್ಡ್ ಬರೆಯುವವನ ಜೊತೆ ಏನೋ ಪಿಸುಗುಟ್ಟುತ್ತಿದ್ದವನು ನನ್ನನ್ನು ಕಂಡು ಸುಮ್ಮನಾದ. ಸುವಾರ್ತಮ್ಮ ಬೋರ್ಡಿನ ಮೇಲೆ ಸೀರೆ ಹೊದಿಸಿದಳು. “ನೋಡಬಾರದ್ರಿ. ಆ ದಿನಾನೇ ನೋಡ್ರಿ” ಎಂದಳು.

ನನಗೆ ಅರ್ಥವಾಯಿತು ಎಂದುಕೊಂಡೆ. ಅರ್ಪಣೆಯ ದಿನ ಬಸ್ಸಿನಲ್ಲಿ ಉದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಬೇಡ, ನನ್ನ ಹೆಸರು ಬೇಡ, ಮನುಷ್ಯರ ಹೆಸರು ದೇವರ ಮನೆಗೆ ಯಾಕೆ, ನೀವು ಇಷ್ಟು ಪ್ರೀತಿಯಿಂದ ಇಟ್ಟಿದ್ದೀರೆಂದು ಒಪ್ಪಿಕೊಳ್ಳುತ್ತಿದ್ದೇನೆ. ವಿಮಲಾ ಪಕ್ಕದಲ್ಲಿ ಕೂತಿದ್ದಳು. “ಏನು ಗೊಣಗ್ತಿದ್ದೀರಿ?” ಎಂದಳು. ಪ್ರಾರ್ಥನೆ ಎಂದೆ.

ಡಿ.ಎಸ್. ಪ್ರಾರ್ಥಿಸಿದರು. ಡೋಲಕ್ಕು ಜೋರಾಯಿತು. ಮಾಣಿಕಪ್ಪ ಬಂದು, “ಬಟ್ಟಿ ನೀವೇ ಸರಿಸ್ಬೇಕ್ರಿ” ಎಂದು ನನ್ನ ಕೈಗೆ ದಾರದ ತುದಿ ಕೊಟ್ಟ. ಎಳೆದೆ. ನೀಲಿ ಬೋರ್ಡಿನ ಮೇಲೆ ಬಿಳೀ ಅಕ್ಷರ: ರೆವರೆಂಡ್ ಜೀವರತ್ನ ಸ್ಮಾರಕ ಪ್ರಾರ್ಥನಾ ಮಂದಿರ, ಬೇಗೂರು.

ಜನ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ದಾರ ಹಾಗೇ ಇತ್ತು. ಅವರು ಒಂದು ದಿನವೂ ಬೇಗೂರಿಗೆ ಬಂದವರಲ್ಲ. ಬಾರದಿರಲು ಕಾರಣ ನಾನು ಎಂಬುದು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಯಾವುದಕ್ಕೂ ಬರಲಿಲ್ಲ. “ಒಳ್ಳೇ ಹೆಸರು” ಎಂದಷ್ಟೇ ಹೇಳಿ ಒಳಗೆ ಹೋದೆ.

ಊಟವಾದ ಮೇಲೆ ಹಿಂಬದಿಯಲ್ಲಿ ಕೈ ತೊಳೆಯುತ್ತಿದ್ದಾಗ ಸುವಾರ್ತಮ್ಮ ಚೆಂಬಿನಿಂದ ನೀರು ಹಾಕಿದಳು. ನನ್ನ ಮುಖದಲ್ಲಿ ಏನು ಕಂಡಳೋ.

“ಅಯ್ಯೋರೆ, ಬೋರ್ಡಿನ ಮ್ಯಾಲ ನಿಮ್ಮ ಹೆಸರು ಬರೀಬೇಕಂತ ಕೆಲವರು ಅಂದ್ರು. ನಾನೇ ಬ್ಯಾಡ ಅಂದೆ.”

“ಯಾಕಮ್ಮ?”

“ಇನ್ನ ಬರ್ಲಾಕ ಆಗದವರ ಹೆಸರು ಬರೀತಾರ್ರಿ. ನೀವು ಬರೋರಿದ್ದೀರಲ್ಲ. ಮುಂದಿನ ಐತಾರ ಜಲ್ದಿ ಬರ್ರಿ, ನಮ್ಮ ತಂಗಿ ಕೂಸಿಗಿ ಹೆಸರು ಇಡೋದದ.”

ಅದು ಸಮಾಧಾನದ ಮಾತೋ ನಿಜವೋ ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಮುಂದಿನ ಭಾನುವಾರ ಬೇಗ ಹೋದೆ. ಕೂಸಿನ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡು, ಸರಿಯಾಗಿಯೇ ಇಟ್ಟೆ. ನಿವೃತ್ತನಾಗುವವರೆಗೆ ಬಿಸಿಲು, ಮಳೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಏನಿದ್ದರೂ ಹೋದೆ. ಮಂದಿರದ ಬೀಗ ತೆಗೆಯುವ ಮುನ್ನ ಬಾಗಿಲ ಮೇಲಿನ ಆ ಹೆಸರನ್ನು ಪ್ರತಿ ಸಲವೂ ಓದುತ್ತಿದ್ದೆ, ಓದಿದಾಗ ಪ್ರತಿ ಸಲವೂ ಎದೆಯಲ್ಲಿ ಒಂದಿಷ್ಟು ಉರಿಯುತ್ತಿತ್ತು. ಈ ಉರಿ ಹೋಗಲೆಂದು ನಾನು ಪ್ರಾರ್ಥಿಸಿದ್ದುಂಟು, ಹೋಗಲಿಲ್ಲ. ಅದು ಹೋಗಲಿ ಆಮೇಲೆ ಒಳಗೆ ಹೋಗೋಣ ಎಂದು ಹೊಸಿಲಲ್ಲಿ ನಿಂತಿದ್ದರೆ, ಆ ಭಾನುವಾರಗಳಲ್ಲಿ ಒಂದು ದಿನವೂ ಬಾಗಿಲು ತೆರೆಯುತ್ತಿರಲಿಲ್ಲ.